ಟಿಕ್ ಎಂದ ಬಿರಡೆ

ಕೊಡಗಿನ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಮೂರು ಗುಂಡಿನೊಳಗೆ ಒಡೆಯದಿದ್ದರೆ ಮನೆತನದ ಮಾನ ಹೋದಂತೆ. ಚೀಯಣ್ಣ ಹೊಡೆದ ಮೊದಲ ಗುಂಡು ಕಾಯಿಯ ಬಲಕ್ಕೆ ಹೋಯಿತು. ಗುರಿ ಸರಿಪಡಿಸಲು ಅವರು ಬಂದೂಕಿನ ಮೇಲೆ ಕೂರಿಸಿದ ದುರ್ಬೀನಿನ ಬಿರಡೆಯನ್ನು ಎಡಕ್ಕೆ ತಿರುಗಿಸಿದರು. ಬಿರಡೆ ಗಟ್ಟಿಯಾಗಿ "ಟಿಕ್" ಎಂದಿತು.

"ಅಣ್ಣಾ, ನೀನು ತಿರುಗಿದ್ದು ನನಗೆ ತಾಕಲೇ ಇಲ್ಲ. ನಮ್ಮಿಬ್ಬರ ನಡುವೆ ಸಡಿಲವಿದೆ," ಎಂದಿತು ಬಿರಡೆಯ ಜೊತೆ ತಿರುಗಬೇಕಾದ ಒಳಗಿನ ಸ್ಕ್ರೂ.

"ತಾಕಿಸುವುದು ನನ್ನ ಕೆಲಸವಲ್ಲ. ಯಜಮಾನರಿಗೆ ಶಬ್ದ ಕೇಳಿಸಿತು, ತಲೆಯಾಡಿಸಿದರು. ಆಯಿತಲ್ಲ!" ಎಂದಿತು ಬಿರಡೆ.

ಎರಡನೆಯ ಗುಂಡೂ ಅದೇ ಜಾಗಕ್ಕೆ ಹೋಯಿತು. "ಬಿರಡೆ ಟಿಕ್ ಎಂದಿದೆ. ಹಾಗಾದರೆ ತಪ್ಪು ಕಾಯಿಯದೇ," ಎಂದು ಚೀಯಣ್ಣ ಗುಂಡು ಹೋಗುವ ಕಡೆಗೇ ಕಾಯಿಯನ್ನು ಸರಿಸಿ ಕಟ್ಟಿಸಿದರು.

"ಸ್ವಾಮೀ, ನೀವು ಸರಿಸುವ ತನಕ ನಾನು ಬೆಳಗಿನಿಂದ ಅಲ್ಲಾಡಿಯೇ ಇಲ್ಲ," ಎಂದಿತು ಕಾಯಿ.

"ಅದೇ ನಿನ್ನ ತಪ್ಪು," ಎಂದರು ಚೀಯಣ್ಣ. ಯಾವುದಕ್ಕೂ ಇರಲಿ ಎಂದು ಬಿರಡೆಯನ್ನು ಎಡಕ್ಕೆ ಇನ್ನೊಮ್ಮೆ ತಿರುಗಿಸಿದರು. ಈ ಸಲ ಸಡಿಲವೆಲ್ಲ ಮುಗಿದು ಸ್ಕ್ರೂ ನಿಜವಾಗಿಯೂ ಸರಿಯಿತು. ಮೂರನೆಯ ಗುಂಡು, ಕಾಯಿ ಮೊದಲಿದ್ದ ಖಾಲಿ ಜಾಗದ ನಟ್ಟನಡುವೆ ತೂರಿ ಹೋಯಿತು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೋಡಿದಿರಾ ಯಜಮಾನರೇ, ಎಂಥ ಗುರಿ!" ಎಂದಿತು ಬಿರಡೆ.

ಚೀಯಣ್ಣ ಒಪ್ಪಿದರು. ಬಿರಡೆಯನ್ನು ಅಂಗಿಯ ತುದಿಯಿಂದ ಮೆಲ್ಲಗೆ ಒರೆಸಿದರು. ಆಮೇಲೆ ಕಾಯಿಯನ್ನು ಕೆಳಗಿಳಿಸಿ, ಹೇಳದೆ ಕೇಳದೆ ಜಾಗ ಬಿಟ್ಟು ಹೋದ ತಪ್ಪಿಗೆ ಅಲ್ಲೇ ಕಲ್ಲಿಗೆ ಬಡಿದು ಒಡೆದರು.