ಹುತ್ತದ ಕೆಳಗಿನ ಕೆಂಡದ ಮಡಕೆ

ಭೂಮಿ ಆಗಷ್ಟೇ ಹೊಸದು. ಬೆಟ್ಟಗಳ ಮೈ ಇನ್ನೂ ಹಸಿಹಸಿ. ಆಗ ಸೂರ್ಯಪ್ಪ ನೆಲದ ಅಂಚಿನಲ್ಲೇ ಮನೆ ಮಾಡಿಕೊಂಡಿದ್ದ. ಮುಗಿಲಿಗೆ ಹೊರಡುವ ದಿನ ಒಲೆಯ ಕೆಂಡ, ಬೂದಿಯನ್ನೆಲ್ಲ ಒಂದು ಮಡಕೆಗೆ ತುಂಬಿ ಬಯಲಲ್ಲಿ ಇಟ್ಟುಬಿಟ್ಟ.

ಗೆದ್ದಲುಗಳ ತಾಯಿ ಮಣ್ಣವ್ವನ ಗೂಡು ಅಲ್ಲೇ ಪಕ್ಕದಲ್ಲಿತ್ತು. “ಇದು ಯಾವಾಗ ಆರುತ್ತಪ್ಪ?” ಎಂದು ಕೇಳಿದಳು.

“ನಿನ್ನ ಮರಿಮಕ್ಕಳ ಮರಿಮಕ್ಕಳ ಕಾಲಕ್ಕೂ ಆರಲ್ಲ ಕಣವ್ವ,” ಎಂದು ತಲೆ ಕೆರೆದುಕೊಂಡು ಸೂರ್ಯಪ್ಪ ಮೇಲೇರಿಯೇಬಿಟ್ಟ. ಉಂಡವನು ಎದ್ದು ಹೋದ, ಎಲೆ ಎತ್ತುವ ಕೆಲಸ ಇವಳಿಗೆ ಉಳಿಯಿತು.

ಮಡಕೆಯ ಝಳಕ್ಕೆ ಹುಲ್ಲು ಕಮರಿತು. ಮಣ್ಣವ್ವನ ಮೊಟ್ಟೆಗಳೂ ಒಣಗತೊಡಗಿದವು. ಅವಳಿಗೆ ಅಳುವೇ ಬಂತು.

“ನಾನು ಊದಿಬಿಡಲಾ?” ಎಂದ ಗಾಳಿಯಣ್ಣ.

“ಊರಿಗೆಲ್ಲ ಹಂಚ್ತೀಯಾ? ಬೇಡ ಮಾರಾಯ.”

“ನಾನು ಹೊತ್ಕೊಂಡು ಹೋಗಲಾ?” ಎಂದಳು ಹೊಳೆಯವ್ವ.

“ಕೆಳಗಿನೋರು ನಿನ್ನ ನೀರು ಕುಡೀಬೇಕಲ್ಲ ತಾಯಿ!”

ಕೊನೆಗೆ ಮಣ್ಣವ್ವನ ಮಕ್ಕಳು ಮಡಕೆಯ ಅಡಿಯ ಮಣ್ಣನ್ನೇ ಕೊರೆದರು. ಮಡಕೆ ತನ್ನ ಭಾರಕ್ಕೆ ತಾನೇ ಇಳಿಯಿತು. ಒಂದು ಮೊಳ ಇಳಿದದ್ದೇ ತಡ, ಮೇಲೆ ಮಣ್ಣು ಮುಚ್ಚಿ ಎಲ್ಲರೂ ಕುಣಿದರು. ಮರುದಿನ ಕೋಳಿ ಬಂದು ಪರಪರ ಕೆದಕಿತು. ಮಡಕೆಯ ಬಾಯಿ ಮತ್ತೆ ಹೊರಗೆ!

“ಅಯ್ಯೋ ನನ್ನ ಕಾಲು!” ಎಂದು ಕೋಳಿ ಕುಂಟಿತು. “ತಪ್ಪಾಯ್ತು ಕಣವ್ವ. ಏನ್ಮಾಡ್ಲಿ, ಹುಟ್ಟುಗುಣ ಸುಟ್ಟರೂ ಹೋಗಲ್ಲ.”

ಮಣ್ಣವ್ವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. “ಹೋಗ್ಲಿ ಬಿಡು. ನಿನ್ನ ಮರಿಮಕ್ಕಳೂ ಕೆದಕೋರೇ. ಅವರ ಕಾಲಿಗೂ ಎಟುಕದಷ್ಟು ಕೆಳಗಿಳಿಸ್ತೀವಿ.”

ಕೊರೆದರು, ಕೊರೆದರು, ಕೊರೆದೇ ಕೊರೆದರು. ಮಡಕೆ ಬೇರುಗಳನ್ನು ದಾಟಿತು, ಒರತೆಗಳನ್ನು ದಾಟಿತು. ನೀರಿನ ಪಸೆಯೂ ಇಲ್ಲದ ಆಳದಲ್ಲಿ ಬಂಡೆಯಜ್ಜ ಮಡಿಲು ಬಿಚ್ಚಿ, “ಇಲ್ಲಿಡ್ರವ್ವ, ನನಗೆ ಚಳಿ” ಎಂದ. ತೆಗೆದ ಮಣ್ಣೆಲ್ಲ ಮೇಲೆ ಗೋಪುರವಾಯಿತು. ಮೊಟ್ಟೆಯೊಡೆದು ಮರಿಗಳು ಹೊರಬಂದಾಗ ಗಾಳಿಯಣ್ಣ ಶಿಳ್ಳೆ ಹೊಡೆದ, ಕೋಳಿ ಕುಂಟುಕಾಲಲ್ಲೇ ಕುಣಿಯಿತು. ಮಣ್ಣವ್ವನ ಸಂತೋಷಕ್ಕೆ ಪಾರವೇ ಇರಲಿಲ್ಲ.

“ಅವ್ವಾ, ಇದನ್ನ ಎಲ್ಲೀವರೆಗೆ ಕಾಯಬೇಕು?” ಎಂದವು ಮರಿಗಳು.

“ಆರೋವರೆಗೂ.”

“ಅಷ್ಟರಲ್ಲಿ ಯಾಕೆ ಅನ್ನೋದೇ ಮರೆತುಹೋದ್ರೆ?”

ಮಣ್ಣವ್ವ ಯೋಚಿಸಿದಳು. “ಕತೆ ಮರೆತ್ರೂ ಕೆಲಸ ಮರೀಬೇಡಿ. ಬಿರುಕು ಕಂಡ್ರೆ ಮೊದಲು ಮುಚ್ಚಿ, ಆಮೇಲೆ ಬೇರೆ ಮಾತು.”

ಇವತ್ತಿಗೂ ಹುತ್ತದ ಒಂದು ಚೂರು ಮುರಿದಿದ್ದರೆ ನಿಂತು ನೋಡು ಪುಟ್ಟಾ, ಗೆದ್ದಲುಗಳು ಬಾಯಲ್ಲಿ ಹಸಿಮಣ್ಣು ಕಚ್ಚಿಕೊಂಡು ಓಡೋಡಿ ಬಂದು ಮುಚ್ಚುತ್ತವೆ; ಯಾಕೆಂಬುದು ಅವಕ್ಕೇ ಮರೆತುಹೋಗಿದೆ, ನಿನಗೆ ಗೊತ್ತು.