ತಿಲಪುರದ ಗಾಣದಮ್ಮನ ಬಲಭುಜ

ಹೆಣ್ಣಿನ ಕೈಯಲ್ಲಿ ಗಾಣ ತಿರುಗೀತೇ ಎಂದು ಮೊದಲು ನಕ್ಕವನು ಬೊಮ್ಮವ್ವೆಯ ಸೋದರಮಾವ ಕೇತಯ್ಯನೇ ಎಂದು ಈ ಕ್ಷೇತ್ರದ ಹಿರಿಯರು ಹೇಳುತ್ತಾರೆ.

ಪೂರ್ವಕಾಲದಲ್ಲಿ ಎರಡು ರಾಜ್ಯಗಳ ಸೇನೆಗಳು ಗಡಿಗಾಗಿ ಕಾದಾಡಿ ತಿಲಪುರವನ್ನು ಸುಟ್ಟು ಹೋದಾಗ, ಜ್ಯೋತಿರ್ಮಾತೆಯ ನಂದಾದೀಪಕ್ಕೆ ತಲೆಮಾರುಗಳಿಂದ ಎಣ್ಣೆ ಒದಗಿಸುತ್ತಿದ್ದ ಗಾಣಿಗರ ಮನೆಯಲ್ಲಿ ಉಳಿದವಳು ಎಂಟು ವರ್ಷದ ಬೊಮ್ಮವ್ವೆ ಒಬ್ಬಳೇ. ಮಾವನ ಊರಿನಲ್ಲಿ ಕಣಜ ಗುಡಿಸುತ್ತ ಬೆಳೆದ ಆಕೆ, ಹನ್ನೆರಡು ವರ್ಷಗಳ ಮೇಲೆ, ಆರಿದ ದೀಪವನ್ನು ನಮ್ಮ ಗಾಣದ ಎಣ್ಣೆಯಿಂದಲೇ ಹಚ್ಚುವೆನೆಂದು, ಕೂಲಿಗೆ ಬಂದ ಎಳ್ಳನ್ನು ತಲೆಯ ಮೇಲೆ ಹೊತ್ತು ಹೊರಟಳು.

"ನಿನ್ನ ಮನೆಯ ಹೊಸ್ತಿಲು ತೋರಿಸು, ನನ್ನ ಎತ್ತು ಕೊಡುತ್ತೇನೆ. ಆಗದಿದ್ದರೆ ಬಾಯಿ ಮುಚ್ಚಿಕೊಂಡು ಹಿಂದಿರುಗು," ಎನ್ನುತ್ತ ಕೇತಯ್ಯನೂ ಎತ್ತು ಹೊಡೆದುಕೊಂಡು ಬಂದ.

ಬಂದು ನೋಡಿದರೆ ಬೀದಿಯಿಲ್ಲ, ಬಾವಿಯಿಲ್ಲ, ಗುಡಿಯ ಗುರುತೂ ಇಲ್ಲ. ಎದೆಯುದ್ದದ ಹುಲ್ಲು, ಮುಳ್ಳುಜಾಲಿ. ಮೂರನೆಯ ದಿನ, ನಡೆಯುತ್ತಿದ್ದಂತೆ, ಕಾಲಿಗೆ ಮುಳ್ಳು ತಾಗುವುದು ನಿಂತಿತೆಂದು ಬೊಮ್ಮವ್ವೆಗೆ ಅರಿವಾಯಿತು. ಬಗ್ಗಿ ನೋಡಿದಳು. ಬಳೆಯಂತೆ ದುಂಡಗೆ ಒಂದು ಹಾದಿ, ಒಂದೆಳೆ ಗರಿಕೆಯೂ ಇಲ್ಲ. ಏಳು ತಲೆಮಾರಿನ ಗಾಣದೆತ್ತುಗಳು ತುಳಿದು ಗಟ್ಟಿಯಾದ, ಎಳವೆಯಲ್ಲಿ ತಾನೂ ಎತ್ತಿನ ಹಿಂದೆ ಸುತ್ತಿದ್ದ ನೆಲ. ನಡುವೆ ಕೈಯಿಂದಲೇ ಮಣ್ಣು ತೋಡಿದಳು. ಗಾಣದ ಕಲ್ಲೊರಳು ಬಾಯ್ತೆರೆಯಿತು.

"ಇದು ಒರಳು, ಹೊಸ್ತಿಲಲ್ಲ," ಎಂದ ಕೇತಯ್ಯ.

"ಗಾಣಿಗರಿಗೆ ಇದೇ ಹೊಸ್ತಿಲು, ಮಾವ."

"ಮಾತಿಗೇನೂ ಕಡಿಮೆಯಿಲ್ಲ. ಹಾಗಾದರೆ ಎತ್ತೂ ನೀನೇ ಆಗು."

ಆಕೆ ಆದಳು. ಜಾಲಿಯ ದಿಮ್ಮಿ ಕಡಿದು ಒರಳಿನಲ್ಲಿ ನಿಲ್ಲಿಸಿ, ಎಳ್ಳು ಸುರಿದು, ನೊಗವನ್ನು ಬಲಭುಜಕ್ಕೇರಿಸಿ, ಸೂರ್ಯೋದಯದಿಂದ ಸುತ್ತತೊಡಗಿದವಳು, ಭುಜ ಬಾಗಿದರೂ ನಿಲ್ಲದೆ, ಹೊತ್ತು ಮುಳುಗುವಾಗ ಇಳಿದ ಎಣ್ಣೆಯನ್ನು ಹೆಂಚಿನ ಚೂರಿನಲ್ಲಿ ಹಿಡಿದು, ಸೆರಗಿನ ಬತ್ತಿಯಿಟ್ಟು ಹಚ್ಚಲು, ಆ ಜ್ವಾಲೆಯಿಂದ ದೇವಿಯ ವಾಣಿ ಮೂಡಿತು:

"ಮಗಳೇ, ನನ್ನ ಹಳೆಯ ಗುಡಿಯನ್ನು ಹುಡುಕಬೇಡ. ಈ ಒರಳೇ ನನ್ನ ಪೀಠ, ನೀನು ತುಳಿದದ್ದೇ ನನ್ನ ಪ್ರದಕ್ಷಿಣಾಪಥ. ನಿನ್ನ ಭುಜ ಬಾಗಿದಷ್ಟು ನನ್ನದೂ ಬಾಗಲಿ."

ಕೇತಯ್ಯ ತಲೆತಗ್ಗಿಸಿ ಎತ್ತನ್ನು ತಂದು ನಿಲ್ಲಿಸಿದ.

"ಅದಕ್ಕೆ ನೀರು ಕುಡಿಸಿ ಮನೆಗೆ ಹೊಡೆದುಕೊಂಡು ಹೋಗು, ಮಾವ," ಎಂದಳು ಬೊಮ್ಮವ್ವೆ.

ಹಿಂದೆ ಚದುರಿಹೋಗಿದ್ದ ಊರವರು ದೀಪ ಕಂಡು ಒಬ್ಬೊಬ್ಬರಾಗಿ ಮರಳಿದರು. ಇಂದಿಗೂ ಮಳೆಗಾಲದಲ್ಲಿಯೂ ಆ ಹಾದಿಯಲ್ಲಿ ಹುಲ್ಲು ಚಿಗುರದು. ದೀಪಾವಳಿಯ ಅಮಾವಾಸ್ಯೆಯಂದು ಭಕ್ತರು ಎಳ್ಳು ಹೊತ್ತು ಅದನ್ನೇ ಸುತ್ತುವರು. ಒರಳಿನ ಮೇಲೆ ಗಾಣದಮ್ಮನೆಂಬ ಹೆಸರಿನಿಂದ ನೆಲೆಗೊಂಡ ದೇವಿಯ ಮೂರ್ತಿಯ ಬಲಭುಜ ತಗ್ಗಾಗಿರುವುದನ್ನು ಯಾತ್ರಿಕರು ಕಣ್ಣಾರೆ ಕಾಣಬಹುದು. ಕ್ಷೇತ್ರದ ಲೆಕ್ಕದಲ್ಲಿ ಆ ದುಂಡು ನೆಲ, ಆ ಕಲ್ಲು, ಆರದ ಆ ಒಂದು ದೀಪ ಈಗಲೂ ಬೊಮ್ಮವ್ವೆಯವೇ. ಅದಕ್ಕೆ ಆಕೆ ತೆತ್ತದ್ದು ಮತ್ತೆಂದೂ ನೆಟ್ಟಗಾಗದ ಒಂದು ಭುಜ.