ಬಾಗಿಲು ತಟ್ಟಿದ ಯಂತ್ರ

"ಅಮ್ಮಾ, ಕಾಲೇಜಿನ ವೈಫೈಗೆ ಯಾವ ಬೀಗ ಹಾಕಬೇಕು?"

ಅನಸೂಯಮ್ಮನವರ ಬಳಿ ನೆಟ್‌ವರ್ಕ್ ಕೆಲಸ ಕಲಿಯುತ್ತಿದ್ದ ತಿಪ್ಪೇಶ ಹೀಗೆ ಕೇಳಿದ. ಅವನಿಗೆ ಮೊದಲ ಬಾರಿಗೆ ಒಂದು ಕಾಲೇಜಿನ ಕೆಲಸ ಒಪ್ಪಿಸಿದ್ದರು. "ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೊಡಬಹುದು. ಪಟ್ಟಿ ಮಾಡಿಕೊಂಡು, ಅದರಲ್ಲಿ ಇಲ್ಲದ್ದನ್ನು ಹೊರಗೆ ನಿಲ್ಲಿಸಬಹುದು. ಮಾರುವವರು ಹತ್ತು ಬಗೆ ತೋರಿಸುತ್ತಾರೆ. ಯಾವುದನ್ನು ಆರಿಸಲಿ?"

ಅನಸೂಯಮ್ಮನವರು ಕನ್ನಡಕ ತೆಗೆದಿಟ್ಟು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಇದು ನಿನ್ನಿಂದ ಆಗುವ ಕೆಲಸವಲ್ಲ ಎಂದು ಅವಳಿಗೆ ಮೊದಲು ಹೇಳಿದವನು ಅವಳ ಅಣ್ಣ. ಆಮೇಲೆ ಹೇಳಿದವನು ಅವಳು ಕೆಲಸಕ್ಕಿದ್ದ ವೈದ್ಯಕೀಯ ಕಾಲೇಜಿನ ರಿಜಿಸ್ಟ್ರಾರ್. ಅವಳು ಹತ್ತನೇ ತರಗತಿಗೆ ಶಾಲೆ ಬಿಟ್ಟವಳು. ಟೈಪಿಂಗಿಗೆಂದು ಸೇರಿದ್ದಳು. ಬೇರೆಯವರು ಎಸೆದ ಕೈಪಿಡಿಗಳನ್ನು ಮನೆಗೆ ಒಯ್ದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ನೆಟ್‌ವರ್ಕ್ ಕೆಲಸ ಕಲಿತಿದ್ದಳು.

ಆ ಕಾಲೇಜಿಗೂ ಅದರ ಆಸ್ಪತ್ರೆಗೂ ಒಂದೇ ಕಾಂಪೌಂಡು, ಒಂದೇ ವೈಫೈ. ಪಾಸ್‌ವರ್ಡನ್ನು ಯಾರೋ ಕ್ಯಾಂಟೀನಿನ ಗೋಡೆಯ ಮೇಲೆ ಬರೆದಿದ್ದರು. ಒಂದು ದಿನ ಹೊರಗಿನವನೊಬ್ಬ ಆ ದಾರಿಯಲ್ಲೇ ಪರೀಕ್ಷಾ ವಿಭಾಗದ ಕಂಪ್ಯೂಟರಿನೊಳಕ್ಕೆ ಹೊಕ್ಕ. ರಿಜಿಸ್ಟ್ರಾರ್ ಅವಳನ್ನು ಕರೆಸಿದ.

"ನೀನು ಓದಿದ್ದು ಎಷ್ಟನೇ ಕ್ಲಾಸಮ್ಮ?"

"ಇನ್ನೂ ಮುಗಿದಿಲ್ಲ ಸರ್. ಓದುತ್ತಲೇ ಇದ್ದೇನೆ."

"ಮಾತು ಚೆನ್ನಾಗಿದೆ. ವಿಜಯದಶಮಿಯ ದಿನ ಬೀಗ ಬೀಳದಿದ್ದರೆ ಬೇರೆಯವರನ್ನು ಕರೆಸುತ್ತೇನೆ. ನೀನು ವಾಪಸ್ಸು ಟೈಪಿಂಗಿಗೆ."

ಅವಳು ಒಳ್ಳೆಯ ಬೀಗವನ್ನೇ ಆರಿಸಿದಳು. ಮನುಷ್ಯರು ತಮ್ಮ ತಮ್ಮ ಹೆಸರು, ಗುಟ್ಟುಪದ ಹೇಳಿ ಒಳಗೆ ಬರಬೇಕು. ಹೆಸರು ಹೇಳಲಾರದ ಯಂತ್ರಗಳಿಗೆ ಒಂದು ಪಟ್ಟಿ. ಮೊದಲ ಹತ್ತು ದಿನ ಯಾರನ್ನೂ ತಡೆಯದೆ, ಬಂದುಹೋಗುವ ಯಂತ್ರಗಳನ್ನೆಲ್ಲ ನೋಡಿ ಬರೆದುಕೊಳ್ಳುವುದು. ಹನ್ನೊಂದನೆಯ ದಿನದಿಂದ ಪಟ್ಟಿಯಲ್ಲಿ ಇಲ್ಲದ್ದು ಹೊರಗೆ. ಕೈಪಿಡಿಯಲ್ಲಿಯೂ ಹೀಗೆಯೇ ಇತ್ತು.

ಅವಳಿಗೆ ಸಿಕ್ಕ ಹತ್ತು ದಿನ ದಸರಾ ರಜೆ. ಆಗ ಆಸ್ಪತ್ರೆಯಲ್ಲಿ ರೋಗಿಗಳು ಕಡಿಮೆ. ಬಾಣಂತಿಯರ ಎರಡು ವಾರ್ಡುಗಳಲ್ಲಿ ಮೇಲಿನದನ್ನು ಮುಚ್ಚಿದ್ದರು. ನಾಡಿ, ಉಸಿರು ಅಳೆದು ವೈಫೈ ಮೂಲಕ ನರ್ಸುಗಳ ಮೇಜಿಗೆ ಸುದ್ದಿ ಕಳಿಸುವ ಅಲ್ಲಿನ ಆರು ಯಂತ್ರಗಳನ್ನು ರಜೆಗೆ ಮೊದಲೇ ಸ್ವಿಚ್ ಆರಿಸಿ, ಒರೆಸಿ, ಬಟ್ಟೆ ಹೊದಿಸಿದ್ದರು; ಆಯುಧಪೂಜೆಗೆ ಸಾಲಾಗಿ ಜೋಡಿಸಿ ಕುಂಕುಮ ಹಚ್ಚಿದ್ದರು. ಸ್ವಿಚ್ ಆರಿಸಿಟ್ಟ ಯಂತ್ರ ವೈಫೈಗೆ ಬರುವುದಿಲ್ಲ, ಪಟ್ಟಿಗೂ ಬರುವುದಿಲ್ಲ.

ಒಬ್ಬ ಹಿರಿಯ ನರ್ಸ್ ಅವಳಿಗೆ ಹೇಳಿದಳು: "ಮೇಲಿನ ವಾರ್ಡು ಇನ್ನೂ ತೆರೆದಿಲ್ಲ ಕಣಮ್ಮ. ಇನ್ನೊಂದು ವಾರ ಸುಮ್ಮನೆ ನೋಡಿಕೊಂಡಿರು."

"ಒಂದು ವಾರ ತಡವಾದರೆ ನಗುವವರು ಕಾದಿದ್ದಾರೆ ಸಿಸ್ಟರ್."

"ನಗಲಿ ಬಿಡು. ಹಲ್ಲು ತಾನೇ ಕಾಣುವುದು?"

ಅವಳು ಕೇಳಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಬೀಗ ಹಾಕಿದಳು.

ಎಲ್ಲವೂ ಸರಿಯಾಗಿ ನಡೆಯಿತು. ಕ್ಯಾಂಟೀನಿನಲ್ಲಿ ಕುಳಿತ ಹೊರಗಿನವರ ಮೊಬೈಲುಗಳು ಸುಮ್ಮನಾದವು. ಮೂರನೆಯ ದಿನ ಬೆಳಿಗ್ಗೆ ಮೇಲಿನ ವಾರ್ಡು ತೆರೆಯಿತು. ಮಧ್ಯಾಹ್ನದ ಹೊತ್ತಿಗೆ, ಅವಳ ಪರದೆಯಲ್ಲಿ, ಒಳಗೆ ಬರಲು ಯತ್ನಿಸಿ ತಡೆಯಲ್ಪಟ್ಟವರ ಲೆಕ್ಕ ಏರತೊಡಗಿತು. ಅವಳು ರಿಜಿಸ್ಟ್ರಾರನನ್ನು ಕರೆತಂದು ತೋರಿಸಿದಳು.

"ಬೆಳಗಿನಿಂದ ಎಷ್ಟು ಸಲ ಬಾಗಿಲು ತಟ್ಟಿದ್ದಾರೆ ನೋಡಿ ಸರ್. ಒಬ್ಬರನ್ನೂ ಬಿಟ್ಟಿಲ್ಲ."

"ಗಟ್ಟಿಗಿತ್ತಿ ಕಣಮ್ಮ ನೀನು," ಎಂದು ಅವನು ಹೋದ.

ಅವಳು ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಓದುವುದಕ್ಕೆ ಬೇರೆ ಕಾರಣವಿರಲಿಲ್ಲ. ಓದಲು ಹಿತವಾಗಿತ್ತು, ಅಷ್ಟೇ. ಆಗ ಕಂಡಿತು. ತಟ್ಟಿದವರು ನೂರಾರು ಮಂದಿಯಲ್ಲ. ಒಂದೇ ಯಂತ್ರ. ಒಂದೇ ಜಾಗದಿಂದ. ಅರ್ಧ ನಿಮಿಷಕ್ಕೊಮ್ಮೆ, ಒಂದು ಸಲವೂ ತಪ್ಪದೆ. ಕಳ್ಳ ಹಾಗೆ ಗಡಿಯಾರ ಹಿಡಿದುಕೊಂಡು ತಟ್ಟುವುದಿಲ್ಲ. ಜಾಗ ಯಾವುದೆಂದು ನೋಡಿದಳು. ಮೇಲಿನ ವಾರ್ಡು.

ವಾರ್ಡಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಬೀಗ ತೆಗೆಯಲು ಹೋದಾಗ ತನ್ನದೇ ಗುಟ್ಟುಪದ ಎರಡು ಸಲ ತಪ್ಪಿತು. ಅಷ್ಟರಲ್ಲಿ ಪರದೆಯಲ್ಲಿ ಇನ್ನೊಂದು ಸಾಲು ಬಂತು. ಮೂರನೆಯ ಸಲ ಸರಿಯಾಯಿತು. ಅವಳು ಎದ್ದು ಓಡಿದಳು. ಅಂಗಳ ದಾಟುವಾಗ ಏನೂ ಕೇಳಿಸಲಿಲ್ಲ. ಏನೂ ಆಗಿರದಿರಲಿ ಎಂದುಕೊಂಡಳು. ಅರ್ಧ ಮೆಟ್ಟಿಲು ಹತ್ತಿದಾಗ ಮೇಲೆ ಗಂಟೆ ಬಡಿದುಕೊಳ್ಳತೊಡಗಿತು. ಯಂತ್ರ ಒಳಗೆ ಬಂದಿತ್ತು. ಹೇಳಬೇಕಾದದ್ದನ್ನು ಹೇಳುತ್ತಿತ್ತು. ಎಷ್ಟು ಹೊತ್ತಿನಿಂದ ಹೇಳಲು ಕಾದಿತ್ತೋ ಅವಳಿಗೆ ತಿಳಿಯದು.

ಆ ವಾರ್ಡಿನಲ್ಲಿ ಅಂದು ಒಬ್ಬಳೇ ಬಾಣಂತಿ. ಬೆಳಿಗ್ಗೆ ಆಪರೇಷನ್ ಆಗಿತ್ತು. ಬಾಣಂತಿಯರ ನಿದ್ದೆ ಕೆಡದಿರಲೆಂದು ಹಾಸಿಗೆಯ ಪಕ್ಕದ ಯಂತ್ರದ ಸದ್ದನ್ನು ತಗ್ಗಿಸಿಡುವುದು ಅಲ್ಲಿನ ರೂಢಿ. ಗಂಟೆ ಬಡಿಯುತ್ತಿದ್ದುದು ನರ್ಸಿನ ಮೇಜಿನ ಮೇಲೆ ಮಾತ್ರ. ಬೀಗ ತೆಗೆಯುವವರೆಗೂ ಮೇಜಿನ ಪರದೆಯಲ್ಲಿ ಆ ಹಾಸಿಗೆಯ ಸಾಲು ಖಾಲಿಯಾಗಿತ್ತು. ಗಂಟೆ ಬಂದಿಲ್ಲ, ಮಲಗಿದ್ದಾಳೆ, ಎಲ್ಲ ಸರಿಯಿದೆ ಎಂದುಕೊಂಡು ನರ್ಸ್ ಔಷಧಿ ತರಲು ಕೆಳಗೆ ಹೋಗಿದ್ದಳು.

ಬಾಣಂತಿಯ ತುಟಿ ನೀಲಿಯಾಗಿತ್ತು. ತೊಟ್ಟಿಲಲ್ಲಿ ಕೂಸು ಎಚ್ಚರವಾಗಿ ಕೈಕಾಲು ಆಡಿಸುತ್ತಿತ್ತು. ಮೆಟ್ಟಿಲು ಹತ್ತಿ ಬಂದ ಹೆಂಗಸು ಕೂಗಿಕೊಂಡಳು. ವೈದ್ಯರು ಓಡಿ ಬಂದರು.

ತಾಯಿ ಬದುಕಿದಳು. ಬೀಗ ಹಾಕಿದ ಹೆಂಗಸನ್ನು ಯಾರೂ ಬೈಯಲಿಲ್ಲ. ಯಂತ್ರದ ದೋಷ ಎಂದು ವರದಿ ಬರೆದು ಮುಗಿಸಿದರು. ಆ ವರ್ಷ ಪರೀಕ್ಷಾ ವಿಭಾಗಕ್ಕೆ ಯಾರೂ ನುಗ್ಗಲಿಲ್ಲ. ಸುದ್ದಿ ಕೇಳಿ ಬೇರೆ ಕಾಲೇಜುಗಳೂ ಅವಳನ್ನು ಕರೆದವು.

ಅನಸೂಯಮ್ಮನವರು ಕತೆ ನಿಲ್ಲಿಸಿದರು.

ತಿಪ್ಪೇಶ ಉಸಿರು ಬಿಟ್ಟ. "ಸದ್ಯ, ತಾಯಿ ಉಳಿದಳಲ್ಲ ಅಮ್ಮಾ. ಆ ಹೆಂಗಸಿಗೂ ಒಳ್ಳೆಯದೇ ಆಯಿತು. ಹಾಗಾದರೆ ನಾನೂ ಅದೇ ಬೀಗ ಹಾಕಲೇ?"

"ಈ ಕಚೇರಿ ನನ್ನದು, ಹನ್ನೊಂದು ಕಾಲೇಜುಗಳ ಬೀಗದ ಕೈ ನನ್ನದು, ಆ ತಾಯಿಗೆ ಈಗಲೂ ದಿನ ಬೆಳಗಾದರೆ ಅವಳ ಮಗಳ ಹೆಸರು ಹೇಳಿಕೊಡಬೇಕು."